ಗುಲಗಂಜಿ ತೂಕದ ನೂಕು

(ಕಾರವಾರದಲ್ಲಿ ಒಂದು ಶನಿವಾರ ಸಂಜೆ ಶಾಲಾ ಮಕ್ಕಳು, ಅವರ ಮನೆಯವರು ಮತ್ತು ಕೆಲವು ಹಿರಿಯ ಮೀನುಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಡಬ್ಬಿಯನ್ನು ಮುಂದಿನ ಸಾಲಿಗೆ ಕೊಡುತ್ತೇನೆ, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಹೋಗಿ. ಇದರಲ್ಲಿರುವುದು ಗುಲಗಂಜಿ. ನಮ್ಮ ಬೇಲಿಸಾಲಿನಲ್ಲಿ ಹಬ್ಬುವ ಬಳ್ಳಿಯದ್ದೇ, ಕೆಂಪು ಮೈ, ಕಪ್ಪು ಚುಕ್ಕೆ. ಒಂದನ್ನು ಅಂಗೈ ಮೇಲಿಟ್ಟು ನೋಡಿ ಮತ್ತೆ ಡಬ್ಬಿಗೇ ಹಾಕಿ. ಮಕ್ಕಳೇ, ಬಾಯಿಗೆ ಮಾತ್ರ ಹಾಕಬೇಡಿ. ಆ ಬೀಜ ವಿಷ.

ಹಿಂದೆ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದದ್ದು ಇದರಿಂದಲೇ. ಒಂದರ ತೂಕ ಸುಮಾರು 0.12 ಗ್ರಾಂ. ಕಣ್ಣು ಮುಚ್ಚಿಕೊಂಡರೆ ಕೈಯಲ್ಲಿ ಏನಾದರೂ ಇದೆಯೋ ಇಲ್ಲವೋ ಅನ್ನುವುದೂ ಸರಿಯಾಗಿ ತಿಳಿಯುವುದಿಲ್ಲ. ಈ ಗುಲಗಂಜಿ ನಿಮ್ಮ ಅಂಗೈಯನ್ನು ಎಷ್ಟು ಒತ್ತುತ್ತದೋ ಹೆಚ್ಚು ಕಡಿಮೆ ಅಷ್ಟೇ ಬಲದಿಂದ, 2010 ರಲ್ಲಿ, 310 ಕಿಲೋ ತೂಕದ ಒಂದು ನೌಕೆಯನ್ನು ಬಾಹ್ಯಾಕಾಶದಲ್ಲಿ ಬಿಸಿಲು ತಳ್ಳಿತು. ಇವತ್ತು ನಾನು ಹೇಳಬೇಕೆಂದಿರುವುದು ಆ ತಳ್ಳಿದ ಕತೆ.

ಬಿಸಿಲಿನ ಬಗ್ಗೆ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಸಾಣಿಕಟ್ಟೆಯ ಆಗರದಲ್ಲಿ ಕಡಲ ನೀರನ್ನು ಉಪ್ಪು ಮಾಡುವುದು ಬಿಸಿಲು. ಶಿರಸಿ ಕಡೆಯ ಅಂಗಳದಲ್ಲಿ ಅಡಿಕೆಯನ್ನು ವಾರಗಟ್ಟಲೆ ಒಣಗಿಸಿ ಚಾಲಿ ಮಾಡುವುದು ಬಿಸಿಲು. ನಮ್ಮ ದಂಡೆಯ ಮೇಲೆ ಮೀನು ಒಣಗಿಸುವುದೂ ಅದೇ. ಅದು ಕಾಯಿಸುತ್ತದೆ, ಒಣಗಿಸುತ್ತದೆ, ಸುಡುತ್ತದೆ. ಆದರೆ ಬಿಸಿಲು ಮೈಮೇಲೆ ಬಿದ್ದು ತಳ್ಳಿತು ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಗಾಳಿ ತಳ್ಳುತ್ತದೆ, ಅಲೆ ತಳ್ಳುತ್ತದೆ. ಬಿಸಿಲಿಗೆ ಕೈ ಎಲ್ಲಿದೆ?

ಅದಕ್ಕೆ ಮೊದಲು ಬೆಳಕು ಅಂದರೆ ಏನು ಎಂದು ಕೇಳಿಕೊಳ್ಳಬೇಕು. ಈ ಜಗಳಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ನ್ಯೂಟನ್, ಬೆಳಕೆಂದರೆ ಸಣ್ಣ ಸಣ್ಣ ಕಣಗಳ ಸುರಿಮಳೆ ಅಂದ. ಹಾಲೆಂಡಿನ ಹೈಗನ್ಸ್ 1690 ರಲ್ಲಿ, ಇಲ್ಲ, ಅದು ಅಲೆ ಅಂದ. ನ್ಯೂಟನ್ನನ ಹೆಸರು ದೊಡ್ಡದು, ಹಾಗಾಗಿ ನೂರು ವರ್ಷ ಅವನ ಮಾತೇ ನಡೆಯಿತು.

ಅಲೆ ಏನು ಮಾಡುತ್ತದೆ ಎಂದು ನಿಮಗೆ ಗೊತ್ತು. ಬೈತಖೋಲ ಬಂದರಿನ ತಡೆಗೋಡೆಯ ತುದಿಯಲ್ಲಿ ನಿಂತು ನೋಡಿ. ಹೊರಗಿನಿಂದ ನೇರ ಬಂದ ಅಲೆ ಗೋಡೆಯ ತುದಿ ದಾಟಿದ ಕೂಡಲೇ ಸುಮ್ಮನೆ ಮುಂದೆ ಹೋಗುವುದಿಲ್ಲ, ಗೋಡೆಯ ಮರೆಗೂ ಬಾಗಿ ಹರಡುತ್ತದೆ. ಎರಡು ಕಡೆಯಿಂದ ಬಂದ ಅಲೆಗಳು ಕೂಡಿದಲ್ಲಿ, ಉಬ್ಬಿಗೆ ಉಬ್ಬು ಸೇರಿದರೆ ನೀರು ಎತ್ತರಕ್ಕೆ ಏಳುತ್ತದೆ, ಉಬ್ಬಿಗೆ ತಗ್ಗು ಸೇರಿದರೆ ಅಲ್ಲಿ ನೀರು ತಣ್ಣಗೆ. ಬೆಳಕೂ ಹೀಗೇ ಮಾಡುತ್ತದೆಯೇ?

ಈಗ ಹಾಲ್‌ನ ದೀಪ ಆರಿಸಿ.

(ಇಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವೇದಿಕೆಗೆ ಬಂದು ತನ್ನದೇ ಒಂದು ತಲೆಗೂದಲು ಕೊಟ್ಟಳು. ರಟ್ಟಿಗೆ ಚೌಕವಾಗಿ ಕಿಂಡಿ ಕತ್ತರಿಸಿ, ಕೂದಲನ್ನು ಅದಕ್ಕೆ ನೆಟ್ಟಗೆ ಎಳೆದು ಅಂಟಿಸಿದೆವು. ಪೆನ್ನಿನಷ್ಟಿರುವ ಕೆಂಪು ಲೇಸರನ್ನು ಪುಸ್ತಕಗಳ ಮೇಲೆ ಅಲುಗಾಡದಂತೆ ಇಟ್ಟು, ಬೆಳಕು ಕೂದಲಿಗೆ ಸರಿಯಾಗಿ ಬೀಳುವಂತೆ ಮಾಡಿದೆವು.)

ನಾಲ್ಕು ಮೀಟರ್ ಆಚೆಯ ಗೋಡೆ ನೋಡಿ. ಬೆಳಕು ಬರೀ ಕಣಗಳಾಗಿದ್ದರೆ ಏನಾಗಬೇಕಿತ್ತು? ಒಂದು ಕೆಂಪು ಚುಕ್ಕೆ, ಅದರ ನಡುವೆ ಕೂದಲಿನ ನೆರಳು, ಅಷ್ಟೇ. ಆದರೆ ಅಲ್ಲಿ ಒಂದು ಸಾಲೇ ಇದೆ. ನಡುವೆ ಹೊಳಪಾದ ಚುಕ್ಕೆ, ಅದರ ಎಡಕ್ಕೂ ಬಲಕ್ಕೂ ಗೆರೆಗಳು. ಬೆಳಕು, ಕತ್ತಲೆ, ಬೆಳಕು, ಕತ್ತಲೆ, ಮಣಿಸರ ಅಡ್ಡ ಎಳೆದಿಟ್ಟ ಹಾಗೆ. ಬೆಳಕು ಕೂದಲಿನ ಎರಡೂ ಬದಿಯಿಂದ ಬಾಗಿ ಬಂದು ಒಂದರ ಮೇಲೊಂದು ಬಿದ್ದಿದೆ. ಕತ್ತಲೆ ಇರುವಲ್ಲಿ ಉಬ್ಬಿಗೆ ತಗ್ಗು ಸೇರಿದೆ. ಬೆಳಕಿಗೆ ಬೆಳಕು ಕೂಡಿಸಿದರೆ ಕತ್ತಲೆ ಬರಬಹುದು ಎಂದರೆ ಅದು ಅಲೆ ಅಲ್ಲದೆ ಬೇರೇನೂ ಆಗಲಾರದು. ಈ ಹುಡುಗಿ ಪಟ್ಟಿ ಹಿಡಿದು ಅಳೆದಾಗ ಕಪ್ಪು ಗೆರೆಗಳ ನಡುವಿನ ಅಂತರ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬಂತು. ಅದರಿಂದ ಲೆಕ್ಕ ಹಾಕಿದರೆ ಅವಳ ಕೂದಲಿನ ದಪ್ಪ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಸುಮಾರು 80. ಈ 80 ನೆನಪಿನಲ್ಲಿರಲಿ, ಆಮೇಲೆ ಬೇಕಾಗುತ್ತದೆ. ಮನೆಯಲ್ಲಿ ಮಾಡುವವರು ಲೇಸರನ್ನು ಯಾರ ಕಣ್ಣಿಗೂ ಹಿಡಿಯಬೇಡಿ. ಇದನ್ನು ನಾನು ಗದರಿಸಿಯೇ ಹೇಳುತ್ತೇನೆ.

ಲಂಡನ್ನಿನಲ್ಲಿ ಥಾಮಸ್ ಯಂಗ್ ಎಂಬ ವೈದ್ಯ 1803 ರಲ್ಲಿ ಇಂಥದ್ದೇ ಮಾಡಿದ. ಲೇಸರ್ ಎಲ್ಲಿಂದ ಬರಬೇಕು? ಕಿಟಕಿಯಲ್ಲಿ ಸಣ್ಣ ತೂತು ಮಾಡಿ ಬಿಸಿಲುಕೋಲೊಂದನ್ನು ಕತ್ತಲ ಕೋಣೆಗೆ ಬಿಟ್ಟುಕೊಂಡು, ಅದರ ನಡುವೆ ಸಪೂರ ಕಾಗದದ ಪಟ್ಟಿ ಹಿಡಿದ. ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ನೋಡುತ್ತ ಬೆಳೆದವರು ನಾವು. ಅದರಲ್ಲೇ ಈ ಗುಟ್ಟೂ ಇತ್ತು.

ಹಾಗಾದರೆ ಕಣಗಳ ಕತೆ ಮುಗಿಯಿತೇ? ಇಲ್ಲ. 1905 ರಲ್ಲಿ ಐನ್‌ಸ್ಟೈನ್ ಮತ್ತೆ ಆ ಬಾಗಿಲು ತೆರೆದ. ಲೋಹದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್‌ಗಳು ಹೊರಗೆ ಚಿಮ್ಮುವ ರೀತಿ ನೋಡಿದರೆ, ಬೆಳಕು ತನ್ನ ಶಕ್ತಿಯನ್ನು ಪೊಟ್ಟಣ ಪೊಟ್ಟಣವಾಗಿ ಕೊಡುತ್ತದೆ ಎಂದೇ ಒಪ್ಪಬೇಕು ಅಂದ. ಈಗ ನಾವು ಅದನ್ನು ಫೋಟಾನ್ ಅನ್ನುತ್ತೇವೆ. 1923 ರಲ್ಲಿ ಅಮೆರಿಕದ ಕಾಂಪ್ಟನ್, ಎಕ್ಸ್ ಕಿರಣವೊಂದು ಎಲೆಕ್ಟ್ರಾನಿಗೆ ಬಡಿದಾಗ ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಪಾನಿಗೆ ಬಡಿದ ಹಾಗೆಯೇ ಆಗುತ್ತದೆ ಎಂದು ಅಳೆದು ತೋರಿಸಿದ. ಕಿರಣ ಒಂದು ಕಡೆ ತಿರುಗುತ್ತದೆ, ಎಲೆಕ್ಟ್ರಾನ್ ಇನ್ನೊಂದು ಕಡೆ ಹಾರುತ್ತದೆ. ಇದ್ದ ಸಂವೇಗ, ಅಂದರೆ ಓಟದ ರಭಸ, ಹಂಚಿಹೋಗುತ್ತದೆ. ಫೋಟಾನಿಗೆ ತೂಗಿ ನೋಡುವಂಥ ದ್ರವ್ಯವಿಲ್ಲ, ಆದರೂ ಅದು ಬಡಿಯುತ್ತದೆ. ಅಲೆಯೂ ಹೌದು, ಕಣವೂ ಹೌದು. ಯಾವುದಾದರೂ ಒಂದನ್ನೇ ಹೇಳಿ ಎಂದು ಒತ್ತಾಯಿಸುವುದು ನಮ್ಮ ಭಾಷೆಯ ಹಟ, ಬೆಳಕಿನದ್ದಲ್ಲ.

ಕಡಲ ದಂಡೆಯಲ್ಲಿ ಬೆಳಕಿನ ಮಾತಾಡುತ್ತ ರಾಮನ್ ಅವರ ಹೆಸರು ಬಿಡಲು ನನಗೆ ಮನಸ್ಸಿಲ್ಲ. 1921 ರಲ್ಲಿ ಅವರು ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದಿಟ್ಟಿತು. ಅದು ಆಕಾಶದ ಪ್ರತಿಬಿಂಬ ಎಂದು ಆಗ ದೊಡ್ಡವರೆಲ್ಲ ನಂಬಿದ್ದರು. ರಾಮನ್ ಪ್ರತಿಬಿಂಬದ ಬೆಳಕನ್ನು ತಡೆಯುವ ಒಂದು ಹರಳನ್ನು ಕಣ್ಣಿಗೆ ಹಿಡಿದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರೇ ಬೆಳಕನ್ನು ಚೆದುರಿಸುತ್ತಿತ್ತು. ಡೆಕ್ಕಿನ ಮೇಲೆ ನಿಂತು, ಕಿಸೆಯಲ್ಲಿ ಹಿಡಿಯುವ ಸಾಮಾನಿನಿಂದ ಮಾಡಿದ ಕೆಲಸ. ನಮ್ಮ ಮಕ್ಕಳಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ಈಗ ನೂಕಿನ ಕತೆಗೆ ಬರೋಣ. 1997 ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಇದೇ ದಂಡೆಯಿಂದ ಹೇಲ್-ಬಾಪ್ ಧೂಮಕೇತು ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? (ನಾಲ್ಕೈದು ಕೈಗಳು ಎದ್ದವು.) ಸೂರ್ಯ ಮುಳುಗಿ ಕತ್ತಲಾದ ಮೇಲೆ ವಾಯವ್ಯದಲ್ಲಿ ಕಾಣುತ್ತಿತ್ತು. ತಲೆ ಕಡಲಿನ ಕಡೆ, ಬಾಲ ಮೇಲಕ್ಕೆ. ಧೂಮಕೇತುವಿನ ಬಾಲ ಅದು ಓಡುವ ದಾರಿಯ ಹಿಂದೆ ಇರುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತದೆ. ಹೇಲ್-ಬಾಪ್‌ಗೆ ಎರಡು ಬಾಲ ಇದ್ದವು. ನೀಲಿಯ ನೆಟ್ಟನೆಯ ಬಾಲ ಸೂರ್ಯನಿಂದ ಹೊಮ್ಮುವ ವಿದ್ಯುತ್ ಕಣಗಳ ಗಾಳಿ, ಅಂದರೆ ಸೌರಮಾರುತ, ಬೀಸಿ ಒಯ್ದದ್ದು. ಬೆಳ್ಳಗೆ ಬಾಗಿದ ಬಾಲ ಧೂಳಿನದು, ಅದನ್ನು ತಳ್ಳಿದ್ದು ಬೆಳಕು. ಹಾಯಿ ಬಿಚ್ಚಿ ಬಿಸಿಲಲ್ಲಿ ಸಾಗುವ ನೌಕೆಯನ್ನು, ಅಂದರೆ ಸೌರನೌಕೆಯನ್ನು, ಓಡಿಸುವುದು ಸೌರಮಾರುತ ಎಂದು ಪತ್ರಿಕೆಗಳಲ್ಲೂ ಕೆಲವೊಮ್ಮೆ ಬರುತ್ತದೆ. ಅದು ತಪ್ಪು. ಭೂಮಿಯ ಹತ್ತಿರ ಸೌರಮಾರುತದ ಒತ್ತಡ ಬೆಳಕಿನ ಒತ್ತಡಕ್ಕಿಂತ ಸಾವಿರಾರು ಪಟ್ಟು ಕಡಿಮೆ.

ಬಾಲದ ದಿಕ್ಕು ನೋಡಿ ಸೂರ್ಯನಿಂದ ಏನೋ ಬೀಸುತ್ತಿದೆ ಎಂದು ಊಹಿಸಿದವನು ಜರ್ಮನಿಯ ಖಗೋಳಜ್ಞ ಕೆಪ್ಲರ್. 1610 ರಲ್ಲಿ ಗೆಲಿಲಿಯೋಗೆ ಬರೆದ ಪತ್ರದಲ್ಲಿ, ಆಕಾಶದ ಗಾಳಿಗೆ ತಕ್ಕ ಹಡಗು, ಹಾಯಿಗಳನ್ನು ಮಾಡಿಕೊಟ್ಟರೆ ಆ ಶೂನ್ಯಕ್ಕೂ ಹೋಗುವವರು ಹುಟ್ಟುತ್ತಾರೆ ಎಂಬರ್ಥದ ಮಾತು ಬರೆದಿದ್ದಾನೆ. ವಿಮಾನ ಹುಟ್ಟಲು ಇನ್ನೂ ಮುನ್ನೂರು ವರ್ಷ ಇತ್ತು.

ಎಷ್ಟು ಒತ್ತಡ ಎಂಬ ಲೆಕ್ಕ ಕೊಟ್ಟವನು ಸ್ಕಾಟ್ಲೆಂಡಿನ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್, 1873 ರಲ್ಲಿ. ಲೆಕ್ಕ ಸುಲಭ, ಹಲಗೆಯ ಮೇಲೆ ಬರೆಯುತ್ತೇನೆ. ವಾತಾವರಣದ ಹೊರಗೆ ಒಂದು ಚದರ ಮೀಟರ್ ಜಾಗದ ಮೇಲೆ ಬಿಸಿಲಿನ ಶಕ್ತಿ 1,361 ವಾಟ್. ಅದನ್ನು ಬೆಳಕಿನ ವೇಗದಿಂದ, ಅಂದರೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರಿನಿಂದ ಭಾಗಿಸಿ. ಬರುವುದು ಒಂದು ನ್ಯೂಟನ್ನಿನ ಹತ್ತು ಲಕ್ಷ ಭಾಗದಲ್ಲಿ ನಾಲ್ಕೂವರೆ. ಇಲ್ಲಿ ನ್ಯೂಟನ್ ಅಂದರೆ ಬಲದ ಅಳತೆ, ಸುಮಾರು ನೂರು ಗ್ರಾಂ ತೂಕ ಒತ್ತುವಷ್ಟು. ನಿಮ್ಮ ಅಂಗೈ ಮೇಲೆ ಬೀಳುವ ಬಿಸಿಲಿನ ನೂಕು ಪುಡಿ ಉಪ್ಪಿನ ಒಂದು ಕಾಳಿನ ತೂಕದ ಹತ್ತರಲ್ಲೊಂದು ಪಾಲೂ ಇಲ್ಲ. ಸಾಣಿಕಟ್ಟೆಯ ದಪ್ಪ ಉಪ್ಪಿನ ಮಾತು ಬಿಡಿ.

ಮೇಲ್ಮೈ ಕಪ್ಪಾಗಿದ್ದರೆ ಇಷ್ಟು, ಕನ್ನಡಿಯಂತಿದ್ದರೆ ಇದರ ಎರಡು ಪಟ್ಟು. ಯಾಕೆ? ನೀವು ಪಾತಿದೋಣಿಯಲ್ಲಿ ನಿಂತಿದ್ದೀರಿ. ಪಕ್ಕದ ದೋಣಿಯವರು ಹಗ್ಗದ ಸುರುಳಿ ಎಸೆದರು. ಹಿಡಿದಾಗ ನಿಮ್ಮ ದೋಣಿ ಸ್ವಲ್ಪ ಹಿಂದೆ ಸರಿಯಿತು. ಅದನ್ನೇ ಅಷ್ಟೇ ಜೋರಾಗಿ ತಿರುಗಿ ಎಸೆದಿರಿ, ದೋಣಿ ಇನ್ನೊಮ್ಮೆ ಹಿಂದೆ ಸರಿಯಿತು. ಕಪ್ಪು ಬಣ್ಣ ಬೆಳಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಕನ್ನಡಿ ಹಿಡಿದು ತಿರುಗಿ ಎಸೆಯುತ್ತದೆ. ಹೀಗೆ ಎರಡು ಪಟ್ಟು ಮಾಡಿದರೂ, ಒಂದು ಎಕರೆ ಗದ್ದೆಯಷ್ಟು ಕನ್ನಡಿಗೆ ಸಿಗುವ ನೂಕು ನಾಲ್ಕು ಗ್ರಾಂ ತೂಕಕ್ಕೂ ಕಡಿಮೆ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆಯ ಒಳಗೆ ನಾಲ್ಕು ರೆಕ್ಕೆಯ ಒಂದು ಗಿರಗಿಟ್ಟಲೆ ಇರುತ್ತದೆ. ಪ್ರತಿ ರೆಕ್ಕೆಯ ಒಂದು ಬದಿ ಕಪ್ಪು, ಇನ್ನೊಂದು ಬದಿ ಬೆಳ್ಳಿ. ಬಿಸಿಲಿಗಿಟ್ಟರೆ ಸುತ್ತುತ್ತದೆ. ಪಾಠ ಶುರು ಮಾಡಿದ ಮೊದಲ ಎರಡು ವರ್ಷ, ಬೆಳಕಿನ ಒತ್ತಡಕ್ಕೆ ಇದೇ ಸಾಕ್ಷಿ ಎಂದು ಹೇಳುತ್ತಿದ್ದೆ. ಮೂರನೆಯ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ಬೆಳ್ಳಿ ಬದಿಗೆ ನೂಕು ಎರಡು ಪಟ್ಟು ಅಂದ್ರಿ. ಹಾಗಾದ್ರೆ ಬೆಳ್ಳಿ ಬದಿ ಹಿಂದೆ ಸರಿಯಬೇಕು. ಇಲ್ಲಿ ಕಪ್ಪು ಬದಿ ಸರಿಯುತ್ತಿದೆಯಲ್ಲ?" ಅಂದಳು. ಅವಳು ಹೇಳಿದ್ದು ಸರಿ. ಆ ಬುರುಡೆಯಲ್ಲಿ ಸ್ವಲ್ಪ ಗಾಳಿ ಉಳಿದಿರುತ್ತದೆ. ಕಪ್ಪು ಬದಿ ಹೆಚ್ಚು ಕಾದು, ಅದರ ಬಳಿಯ ಗಾಳಿ ರೆಕ್ಕೆಯನ್ನು ನೂಕುತ್ತದೆ. ಅಲ್ಲಿ ಬೆಳಕಿನ ನೂಕು ಕಾಣಿಸುವುದೇ ಇಲ್ಲ. ಹಿಂದಿನ ಎರಡು ತಂಡದ ಮಕ್ಕಳಿಗೆ ತಪ್ಪು ಹೇಳಿ ಕಳಿಸಿದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಬೆಳಕಿನ ನೂಕನ್ನು ಬೇರ್ಪಡಿಸಿ ಅಳೆಯುವ ಕಷ್ಟವೂ ಅದೇ ಆಗಿತ್ತು, ಉಳಿದ ಗಾಳಿ. ಮಾಸ್ಕೋದಲ್ಲಿ ಲೆಬೆಡೆವ್ ಗಾಳಿಯನ್ನು ಸಾಧ್ಯವಾದಷ್ಟು ಹೀರಿ ತೆಗೆದು, ಸಪೂರ ಎಳೆಗೆ ರೆಕ್ಕೆ ತೂಗಿಬಿಟ್ಟು ಅಳೆದು 1901 ರಲ್ಲಿ ಪ್ರಕಟಿಸಿದ. ಅದೇ ಹೊತ್ತಿಗೆ ಅಮೆರಿಕದ ನಿಕೋಲ್ಸ್ ಮತ್ತು ಹಲ್ ಕೂಡ ಅಳೆದರು. ಮ್ಯಾಕ್ಸ್‌ವೆಲ್‌ನ ಲೆಕ್ಕ ಸರಿ ಇತ್ತು. ನಮ್ಮ ಮೇಘನಾದ ಸಹಾ ಅವರು 1919 ರಲ್ಲಿ ಬೆಳಕಿನ ಒತ್ತಡದ ಮೇಲೆ ಬರೆದ ಪ್ರಬಂಧ ಇದೇ ಹಾದಿಯದು.

ಈಗ ಗುಲಗಂಜಿಯ ನೌಕೆ. ಹೆಸರು ಇಕಾರೋಸ್, ಜಪಾನಿನದು. 2010 ರ ಮೇ 21 ರಂದು ಶುಕ್ರಗ್ರಹಕ್ಕೆ ಹೊರಟ ಇನ್ನೊಂದು ನೌಕೆಯ ಜೊತೆ ಹೋಯಿತು. ಹಾಯಿ 14 ಮೀಟರ್ ಉದ್ದ, 14 ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ ಎರಡು ಗುಂಟೆಗೆ ತುಸು ಕಡಿಮೆ. ದಪ್ಪ ಮಿಲಿಮೀಟರಿನ ಸಾವಿರ ಭಾಗದಲ್ಲಿ ಏಳೂವರೆ. ಆಗ ಅಳೆದ ಕೂದಲು 80, ನೆನಪಿದೆಯಲ್ಲ? ಆ ಕೂದಲಿನ ಹತ್ತರಲ್ಲೊಂದು ಪಾಲು. ಇಷ್ಟು ತೆಳು ಹಾಳೆ ಬಿಚ್ಚಲು ಅವರು ಕಂಬ ನಿಲ್ಲಿಸಲಿಲ್ಲ. ನೌಕೆಯನ್ನು ಬುಗುರಿಯಂತೆ ತಿರುಗಿಸಿದರು. ಹಾಯಿಯ ನಾಲ್ಕು ಮೂಲೆಗೆ ಅರ್ಧರ್ಧ ಕಿಲೋ ತೂಕ ಕಟ್ಟಿತ್ತು, ತಿರುಗಿದ ಹಾಗೆ ಅವು ಹೊರಕ್ಕೆ ಎಳೆದು ಹಾಯಿ ಹರಡಿಕೊಂಡಿತು. ಬೀಸುಬಲೆ ಎಸೆಯುವಾಗ ಅಂಚಿನ ಸೀಸದ ಗುಂಡುಗಳು ಬಲೆಯನ್ನು ದುಂಡಗೆ ಹರಡುತ್ತವಲ್ಲ, ಅದೇ ಉಪಾಯ.

ಅಳೆದ ನೂಕು 1.12 ಮಿಲಿನ್ಯೂಟನ್. ಒಂದು ಗುಲಗಂಜಿ. ಇಡೀ ದಿನ ತಳ್ಳಿದ ಮೇಲೆ ವೇಗದಲ್ಲಾಗುವ ವ್ಯತ್ಯಾಸ ಸೆಕೆಂಡಿಗೆ ಒಂದಡಿ. ಇಷ್ಟೇನಾ ಎಂದು ನಿಮ್ಮ ಮುಖ ಹೇಳುತ್ತಿದೆ. ಆದರೆ ಅಲ್ಲಿ ಅದನ್ನು ತಡೆಯುವ ಗಾಳಿ ಇಲ್ಲ, ನೀರಿಲ್ಲ. ನಾಳೆ ಇನ್ನೊಂದಡಿ, ನಾಡಿದ್ದು ಮತ್ತೊಂದಡಿ. ಇದೇ ನೂಕು ಮುಂದುವರಿದರೆ ತಿಂಗಳಲ್ಲಿ ಗಂಟೆಗೆ 33 ಕಿಲೋಮೀಟರ್, ವರ್ಷದಲ್ಲಿ ಗಂಟೆಗೆ 400 ದಾಟುತ್ತದೆ. ಒಂದು ತೊಟ್ಟು ಇಂಧನ ಸುಡದೆ. ರಾಕೆಟ್ಟು ಕೆಲವು ನಿಮಿಷ ಉರಿದು ಮುಗಿಯುತ್ತದೆ, ಬಿಸಿಲಿಗೆ ಮುಗಿತಾಯ ಇಲ್ಲ. ಒಂದು ಮಾತು ಸ್ಪಷ್ಟವಾಗಿರಲಿ: ಇಕಾರೋಸನ್ನು ಶುಕ್ರನ ದಾರಿಗೆ ಹಾಕಿದ್ದು ರಾಕೆಟ್ಟೇ. ಬಿಸಿಲು ಆ ದಾರಿಯನ್ನು ತಿದ್ದಿತು, ಅಳೆಯುವಷ್ಟು ತಿದ್ದಿತು.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಇಲ್ಲಿ ತಡೆದರು. "ಮಾಸ್ತರ್ರೇ, ಯಂತ್ರ ಬರೂಕೆ ಮುಂಚೆ ನಾವೂ ಹಾಯಿ ಕಟ್ಟಿದವ್ರೇ. ಎದುರುಗಾಳಿ ಇದ್ರೆ ಹಾಯಿ ಓರೆ ಮಾಡಿ, ಆ ಬದಿ ಈ ಬದಿ ಹೋಗ್ತಾ ಮುಂದೆ ಬರ್ತಿದ್ರು. ಬಿಸಿಲು ಸೂರ್ಯನಿಂದ ಹೊರಗೇ ಬೀಸ್ತದೆ. ಸೂರ್ಯನ ಬದಿಗೇ ಹೋಗೂದು ಹೆಂಗೆ?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಾರದು. ಅಜ್ಜ, ನಿಮ್ಮ ದೋಣಿ ಎದುರುಗಾಳಿಗೆ ಹೋಗುತ್ತಿದ್ದದ್ದು ಹಾಯಿಯೊಂದರಿಂದಲೇ ಅಲ್ಲ, ಅಡಿಮರ ನೀರನ್ನು ಹಿಡಿದುಕೊಂಡು ಅಡ್ಡ ಜಾರದಂತೆ ತಡೆಯುತ್ತಿತ್ತು. ಬಾಹ್ಯಾಕಾಶದಲ್ಲಿ ನೀರಿಲ್ಲ. ಅಲ್ಲಿ ಅಡಿಮರದ ಕೆಲಸ ಮಾಡುವುದು ಸೂರ್ಯನ ಸೆಳೆತ. ಭೂಮಿಯಿಂದ ಹೊರಟ ನೌಕೆಯೂ ಭೂಮಿಯಂತೆ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿರುತ್ತದೆ. ಆ ವೇಗದಿಂದಲೇ ಅದು ಸೂರ್ಯನೊಳಗೆ ಬೀಳದೆ ಇರುವುದು. ಹಾಯಿಯನ್ನು ಓರೆ ಮಾಡಿ, ತಿರುಗಿ ಎಸೆದ ಬೆಳಕು ಹಿಂದಕ್ಕೆ ಹೋಗುವಂತೆ ಮಾಡಿದರೆ ನೌಕೆಗೆ ಮುಂದಕ್ಕೆ ನೂಕು. ಅದು ಸುತ್ತುತ್ತ ಸುತ್ತುತ್ತ ಸೂರ್ಯನಿಂದ ದೂರ ಸರಿಯುತ್ತದೆ. ಇನ್ನೊಂದು ಕಡೆ ಓರೆ ಮಾಡಿದರೆ ಬೆಳಕು ಬ್ರೇಕಿನ ಹಾಗೆ. ವೇಗ ತಗ್ಗುತ್ತದೆ, ಸೂರ್ಯ ತಾನೇ ಒಳಗೆ ಎಳೆದುಕೊಳ್ಳುತ್ತಾನೆ. ಅಜ್ಜ ತಮ್ಮ ಅಂಗೈಯನ್ನು ಹಾಯಿಯಂತೆ ಅತ್ತಿತ್ತ ಓರೆ ಮಾಡಿ ನೋಡಿ ತಲೆಯಾಡಿಸಿದರು.

ಇದೆಲ್ಲ ಜಪಾನ್, ಅಮೆರಿಕದ ಮಾತು ಅಂದುಕೊಳ್ಳಬೇಡಿ. ದೂರದರ್ಶನದ ವಾರ್ತೆಯ ಕೊನೆಗೆ ಇನ್ಸಾಟ್ ತೆಗೆದ ಮೋಡದ ಚಿತ್ರ ತೋರಿಸುತ್ತಿದ್ದರು, ಅರಬ್ಬಿ ಸಮುದ್ರದ ಮೇಲೆ ಮೋಡ ಸುರುಳಿ ಸುತ್ತಿದೆಯೋ ಎಂದು ಈ ಊರಿನವರೆಲ್ಲ ಕಣ್ಣಿಟ್ಟು ನೋಡುತ್ತಿದ್ದೆವು. ಆ ಉಪಗ್ರಹಗಳಿಗೂ ಬಿಸಿಲಹಾಯಿ ಇತ್ತು. ಇದನ್ನು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಸಂಗತಿ ಹೀಗೆ. 1992 ರ ಜುಲೈಯಲ್ಲಿ ಹಾರಿದ ಇನ್ಸಾಟ್-2ಎ ನಮ್ಮಲ್ಲೇ ಕಟ್ಟಿದ್ದು. ಆಗ ಇಸ್ರೋ ಅಧ್ಯಕ್ಷರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್. ಮೋಡದ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಶಾಖವನ್ನು ಗ್ರಹಿಸುವ ಭಾಗ, ಅಂದರೆ ಅವಕೆಂಪು ಸಂವೇದಕ, ಬಹಳ ತಣ್ಣಗಿರಬೇಕು. ಅದಕ್ಕಾಗಿ ಉಪಗ್ರಹದ ಉತ್ತರದ ಬದಿಯನ್ನು ಖಾಲಿ ಆಕಾಶಕ್ಕೆ ತೆರೆದಿಟ್ಟು ಶಾಖ ಹೊರಹೋಗಲು ಬಿಡುತ್ತಾರೆ. ಆ ಬದಿಗೆ ಸೌರಫಲಕ ಇಟ್ಟರೆ ಅದರ ಕಾವು ಇದಕ್ಕೆ ತಾಗುತ್ತದೆ. ಹಾಗಾಗಿ ಫಲಕಗಳೆಲ್ಲ ದಕ್ಷಿಣದ ಬದಿಗೇ. ಈಗ ಬಿಸಿಲು ಒಂದೇ ಬದಿಯ ಫಲಕವನ್ನು ಒತ್ತುತ್ತದೆ, ಉಪಗ್ರಹ ನಿಧಾನವಾಗಿ ವಾಲುತ್ತದೆ. ನಮ್ಮ ಕೆಲವು ದೋಣಿಗಳಿಗೆ ಒಂದು ಪಕ್ಕಕ್ಕೆ ಕೋಲು ಚಾಚಿ ಮರದ ತುಂಡು ಕಟ್ಟುತ್ತೇವಲ್ಲ, ಮಗುಚದಿರಲಿ ಎಂದು? ಹಾಗೆಯೇ ಉತ್ತರದ ಬದಿಗೆ ಉದ್ದದ ಕೋಲು ಚಾಚಿ, ಅದರ ತುದಿಗೆ ಹಗುರವಾದ ಹಾಯಿ ಇಟ್ಟರು. ಆ ಕಡೆಯ ಬಿಸಿಲಿನ ನೂಕು ಈ ಕಡೆಯದಕ್ಕೆ ಸರಿತೂಗಿತು. ಅದನ್ನು ನೋಡಿಕೊಳ್ಳುತ್ತಿದ್ದದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರದಿಂದ. ಇದಕ್ಕೂ ಹತ್ತು ವರ್ಷ ಮೊದಲು, 1982 ರಲ್ಲಿ, ಇನ್ಸಾಟ್-1ಎ ಯ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಒಂದರ ಮೇಲೊಂದು ಬಂದ ತೊಂದರೆಗಳಲ್ಲಿ ಅದೂ ಒಂದು, ಕೆಲವೇ ತಿಂಗಳಲ್ಲಿ ಆ ಉಪಗ್ರಹ ಕೈತಪ್ಪಿತು.

ಕೆಪ್ಲರನ ಹೆಸರಿಟ್ಟ ಬಾಹ್ಯಾಕಾಶ ದೂರದರ್ಶಕದ ಕತೆಯೂ ಇದೆ. 2013 ರಲ್ಲಿ ಅದನ್ನು ಅಲುಗಾಡದಂತೆ ಹಿಡಿಯುವ ನಾಲ್ಕು ಚಕ್ರಗಳಲ್ಲಿ ಎರಡನೆಯದೂ ಕೆಟ್ಟಿತು. ಮುಗಿಯಿತು ಅಂದುಕೊಂಡಾಗ ಎಂಜಿನಿಯರುಗಳು, ಬಿಸಿಲು ಎರಡೂ ಬದಿಗೆ ಸಮನಾಗಿ ಬೀಳುವಂತೆ ಅದನ್ನು ತಿರುಗಿಸಿ, ಆ ಒತ್ತಡವನ್ನೇ ಮೂರನೆಯ ಆಸರೆ ಮಾಡಿಕೊಂಡರು. 2018 ರಲ್ಲಿ ಇಂಧನ ಮುಗಿಯುವವರೆಗೆ ಅದು ಬೇರೆ ನಕ್ಷತ್ರಗಳ ಗ್ರಹಗಳನ್ನು ಹುಡುಕುತ್ತಲೇ ಇತ್ತು. ಹಾಯಿಯ ಮಾತಾಡಿದ ಮನುಷ್ಯನ ಹೆಸರಿನ ಯಂತ್ರವನ್ನು ಬಿಸಿಲೇ ಹಿಡಿದು ನಿಲ್ಲಿಸಿತು.

ಆಮೇಲಿನದನ್ನು ಬೇಗ ಹೇಳುತ್ತೇನೆ. 2019 ರಲ್ಲಿ ಅಮೆರಿಕದ ಬಾಹ್ಯಾಕಾಶ ಆಸಕ್ತರ ಸಂಘವಾದ ಪ್ಲಾನೆಟರಿ ಸೊಸೈಟಿಯವರು ಜನರ ದೇಣಿಗೆಯಿಂದ ಲೈಟ್‌ಸೈಲ್-2 ಹಾರಿಸಿದರು. ತೂಕ ಐದು ಕಿಲೋ, ಹಾಯಿ 32 ಚದರ ಮೀಟರ್. 2022 ರ ನವೆಂಬರಿನವರೆಗೆ ಭೂಮಿಯನ್ನು ಸುತ್ತಿತು. 2024 ರಲ್ಲಿ ನಾಸಾ 80 ಚದರ ಮೀಟರ್ ಹಾಯಿಯ ಒಂದನ್ನು ನ್ಯೂಜಿಲೆಂಡಿನಿಂದ ಕಳಿಸಿತು. ಹಾಯಿಯೇನೋ ಬಿಚ್ಚಿತು, ಆದರೆ ಅದನ್ನು ಹಿಡಿದ ಕೋಲೊಂದು ಸ್ವಲ್ಪ ಬಾಗಿದೆ. ಬೆಳಕಿನ ಭೌತಶಾಸ್ತ್ರ ಪಕ್ಕಾ ಆಗಿ ನೂರು ವರ್ಷ ದಾಟಿತು. ಈಗಿನ ಕಷ್ಟವೆಲ್ಲ ಮಡಿಚುವುದು, ಬಿಚ್ಚುವುದು, ಸುಕ್ಕಾಗದಂತೆ ಹಿಡಿಯುವುದು.

ಕೊನೆಯ ಪ್ರಶ್ನೆ ಬಂದದ್ದು ಬಲೆ ಸರಿಮಾಡುವ ಕೆಲಸದ ಒಬ್ಬ ಹೆಂಗಸಿನಿಂದ. "ಕೂದಲಿಗಿಂತ ತೆಳು ಅಂದ್ರಿ. ಹರಿದ್ರೆ ಯಾರು ಹೊಲೀತ್ರು?"

ಯಾರೂ ಹೊಲಿಯುವುದಿಲ್ಲ ಅಕ್ಕಾ. ಮರಳಿನ ಕಣಕ್ಕಿಂತ ಸಣ್ಣ ಕಲ್ಲುಗಳು ಬಡಿದು ತೂತಾಗುತ್ತಲೇ ಇರುತ್ತದೆ. ತೂತು ಬಿದ್ದರೆ ಚಿಂತೆಯಿಲ್ಲ, ಅದು ಹರಿದು ಬೆಳೆಯಬಾರದು. ಅದಕ್ಕೇ ಹಾಳೆಯ ಮೇಲೆ ಅಲ್ಲಲ್ಲಿ ಗಟ್ಟಿ ಪಟ್ಟಿ ಕೂಡಿಸಿರುತ್ತಾರೆ. ನನ್ನ ಬಳಿ ಚಿಪ್ಸ್ ಪ್ಯಾಕೆಟ್ಟಿನ ಒಂದು ತುಂಡಿತ್ತು. ಒಳಗೆ ಬೆಳ್ಳಿಯಂತೆ ಹೊಳೆಯುವುದು ಪ್ಲಾಸ್ಟಿಕ್ ಹಾಳೆಗೆ ಕೂರಿಸಿದ ಅಲ್ಯುಮಿನಿಯಂ, ಹಾಯಿಗಳಲ್ಲೂ ಅದೇ ಉಪಾಯ. ಅದನ್ನು ಅವರ ಕೈಗೆ ಕೊಟ್ಟೆ. ಅವರು ಅಂಚಿಗೆ ಉಗುರಿನಿಂದ ಸಣ್ಣ ಗೀರು ಹಾಕಿ ಎಳೆದರು. ಸರ್ರನೆ ಆ ತುದಿಯವರೆಗೂ ಹರಿಯಿತು. ಇನ್ನೊಂದು ತುಂಡು ಕೇಳಿ ತೆಗೆದುಕೊಂಡು, ನಡುವೆ ಅಡ್ಡಲಾಗಿ ಟೇಪ್ ಅಂಟಿಸಲು ಹೇಳಿ, ಮತ್ತೆ ಗೀರು ಹಾಕಿ ಎಳೆದರು. ಹರಿದ ಗೆರೆ ಟೇಪಿನವರೆಗೆ ಬಂದು ನಿಂತಿತು. ಇನ್ನೂ ಸ್ವಲ್ಪ ಜಗ್ಗಿ ನೋಡಿದರು. "ಹೌದು, ಬಲೆಗೂ ನಾವು ಅಂಚುಹಗ್ಗ ಹಾಕೂದು ಅದಕ್ಕೇ" ಅಂದು, ತುಂಡನ್ನು ಪಕ್ಕದವರ ಕೈಗೆ ದಾಟಿಸಿದರು.